ಸೈನಿಕ, ಆಮೇಲೆ ಟಿ.ವಿ.ಯ ದನಿ: ನೆನಪನ್ನು ಕಾಯುವ ಕೆಲಸ ಎಲ್ಲಿಂದ ಶುರು?

ಸೈನ್ಯದಲ್ಲಿ ದುಡಿದು ಬಂದು, ಆಮೇಲೆ ಆಕಾಶವಾಣಿಯಲ್ಲೋ ದೂರದರ್ಶನದಲ್ಲೋ ಕೆಲಸ ಮಾಡಿದ ಹಿರಿಯರನ್ನು ಕಳೆದುಕೊಂಡ ಮನೆಗಳಿಂದ ಈ ಸಲ ಹಲವು ಪತ್ರಗಳು ಬಂದಿವೆ. ಹೆಚ್ಚಿನವು ಹಾಸನ, ಚಿಕ್ಕಮಗಳೂರು ಜಿಲ್ಲೆಗಳವು. ಶ್ರದ್ಧಾಂಜಲಿ ಪುಸ್ತಕ ಹೇಗೆ ಬರೆಯಬೇಕು ಎಂದು ಕೇಳಿದವರೇ ಬಹಳ. ಪುಸ್ತಕ ಮುಂದಿನ ವರ್ಷ ಬರೆದರೂ ನಡೆಯುತ್ತದೆ, ಅವರ ದನಿ, ಚಿತ್ರ ಹಿಡಿದಿಟ್ಟ ಹಳೆಯ ಟೇಪು ಮುಂದಿನ ಮಳೆಗಾಲದವರೆಗೆ ಉಳಿಯುತ್ತದೆಂದು ಹೇಳಲಾಗದು. ಅದಕ್ಕೇ ಟೇಪಿನ ಪ್ರಶ್ನೆ ಮೊದಲು.

ಪ್ರಶ್ನೆ: ನಮ್ಮ ತಂದೆಯವರು ಸೇನೆಯ ಸಂಪರ್ಕ ದಳವಾದ ಸಿಗ್ನಲ್ಸ್‌ನಲ್ಲಿದ್ದು ನಿವೃತ್ತರಾಗಿ, ಆಮೇಲೆ ಟಿ.ವಿ.ಯಲ್ಲಿ ನಿರೂಪಕರಾಗಿದ್ದರು. ಅವರ ಕಪ್ಪು ಟ್ರಂಕಿನಲ್ಲಿ ವಿಎಚ್‌ಎಸ್ ಕ್ಯಾಸೆಟ್‌ಗಳು, ಆಡಿಯೋ ಕ್ಯಾಸೆಟ್‌ಗಳು, ಪುಸ್ತಕದಷ್ಟು ದೊಡ್ಡ ಎರಡು ಕ್ಯಾಸೆಟ್‌ಗಳು ಸಿಕ್ಕಿವೆ. ಕೆಲವದರ ಒಳಗೆ ಬೆಳ್ಳಗೆ ಪುಡಿ ಕಾಣುತ್ತದೆ. ಪಕ್ಕದ ಮನೆಯಲ್ಲಿ ಹಳೆಯ ವಿಸಿಆರ್ ಇದೆ, ಹಾಕಿ ನೋಡಬಹುದೇ? — ಮೂಡಿಗೆರೆ

ಹಾಕಬೇಡಿ. ಆ ಬಿಳಿ ಪುಡಿ ಬೂಷ್ಟು. ಬೂಷ್ಟು ಹಿಡಿದ ಟೇಪು ವಿಸಿಆರ್‌ನಲ್ಲಿ ಓಡಿದರೆ ಮೂರು ಅನಾಹುತ ಒಟ್ಟಿಗೆ ಆಗುತ್ತವೆ. ಟೇಪನ್ನು ಓದುವ ಭಾಗವಾದ ಹೆಡ್ ಕಟ್ಟಿಕೊಂಡು ಚಿತ್ರ ಮಾಯವಾಗುತ್ತದೆ, ಸುತ್ತುಗಳು ಒಂದಕ್ಕೊಂದು ಅಂಟಿದ್ದ ಕಡೆ ಟೇಪು ಹರಿಯುತ್ತದೆ, ಆ ಯಂತ್ರದಲ್ಲಿ ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗಳಿಗೂ ಬೂಷ್ಟು ಹತ್ತುತ್ತದೆ.

ಮೊದಲು ಬೇರ್ಪಡಿಸಿ. ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಗೆ ಟಾರ್ಚ್ ಹಿಡಿದು ಟೇಪಿನ ಸುರುಳಿಯ ಅಂಚು ನೋಡಿ. ಅಂಚು ಕಪ್ಪಗೆ ನುಣುಪಾಗಿದ್ದರೆ ಒಂದು ಡಬ್ಬಕ್ಕೆ, ಬಿಳಿ ಚುಕ್ಕೆ ಅಥವಾ ಜೇಡರ ಬಲೆಯಂಥ ಎಳೆ ಕಂಡರೆ ಇನ್ನೊಂದಕ್ಕೆ. ಬೂಷ್ಟು ಹಿಡಿದವನ್ನು ಒಂದೊಂದಾಗಿ ಜಿಪ್ ಕವರಿನಲ್ಲಿ ಹಾಕಿ, ಬೇರೆ ಕೋಣೆಯಲ್ಲಿಡಿ. ಮುಟ್ಟುವಾಗ ಎನ್-95 ಮಾಸ್ಕ್ ಇರಲಿ.

ಈ ಹೊತ್ತಿನಲ್ಲೇ ಮಾಡಬೇಕಾದ ಇನ್ನೊಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನ ಎಡ ತುದಿಯಲ್ಲಿ ಪುಟ್ಟ ಪ್ಲಾಸ್ಟಿಕ್ ಎಲೆಯಿದೆ. ಅದನ್ನು ಸ್ಕ್ರೂ ಡ್ರೈವರ್‌ನಿಂದ ಮುರಿದುಬಿಡಿ. ಅದು ಇರುವವರೆಗೂ ಯಾರಾದರೂ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ತಂದೆಯವರ ಮುಖದ ಮೇಲೆ ಬರೀ ಗೆರೆ ಮೂಡೀತು. ಆಡಿಯೋ ಕ್ಯಾಸೆಟ್ಟಿನ ಮೇಲಂಚಿನಲ್ಲಿ ಇಂಥವು ಎರಡಿವೆ, ಬದಿಗೊಂದು.

ಆಮೇಲೆ ಒಣಗಿಸುವುದು. ಬಿಸಿಲಿಗಿಡಬೇಡಿ, ಅಟ್ಟದ ಬೆಚ್ಚಗಿನ ಹೊಗೆಗೂ ಬೇಡ. ಬಿಸಿಗೆ ಟೇಪು ಅಲೆ ಅಲೆಯಾಗಿ ಸೊಟ್ಟಗಾದರೆ ಮತ್ತೆ ಸರಿಹೋಗದು. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಹತ್ತು ಕ್ಯಾಸೆಟ್ಟಿಗೆ ಅರ್ಧ ಕಿಲೋ ಲೆಕ್ಕದಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಟ್ಟು, ಜಿಪ್ ಕವರಿನ ಬಾಯಿ ತೆರೆದು, ಎರಡು ವಾರ ಬಿಡಿ. ಕಿತ್ತಳೆ ಬಣ್ಣದ ಜೆಲ್ ಹಸಿರಿಗೆ ತಿರುಗಿದರೆ ತೇವ ತುಂಬಿದೆ ಎಂದರ್ಥ. ಜೆಲ್ಲನ್ನಷ್ಟೇ ತೆಗೆದು, ಒಲೆಯ ಮೇಲೆ ಬಾಣಲೆಯಲ್ಲಲ್ಲ, ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಿ. ಡಬ್ಬದೊಳಗೆ ಪುಟ್ಟ ತೇವಾಂಶ ಮಾಪಕವೊಂದನ್ನು ಇಡಿ. ಮುಳ್ಳು ಶೇಕಡಾ 50ರ ಕೆಳಗಿದ್ದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ಮೂಡಿಗೆರೆಯ ಜುಲೈನಲ್ಲಿ ಡಬ್ಬದ ಹೊರಗೆ ಆ ಅಂಕಿ ಕನಸಿನ ಮಾತು. ಸಿಲಿಕಾ ಜೆಲ್ ಬದಲು ಅಕ್ಕಿ ಹಾಕುವವರಿದ್ದಾರೆ. ಅಕ್ಕಿಯ ಧೂಳು ಟೇಪಿನ ಮೇಲೆ ಕೂರುತ್ತದೆ, ಹುಳವೂ ಬರುತ್ತದೆ, ಬೇಡ.

ಒಣಗಿದ ಬೂಷ್ಟು ಪುಡಿಯಾಗಿ ಸುಲಭಕ್ಕೆ ಉದುರುತ್ತದೆ, ಒದ್ದೆಯಿದ್ದಾಗ ಒರೆಸಿದರೆ ಬಳಿದುಕೊಳ್ಳುತ್ತದೆ. ಆದ್ದರಿಂದ ಒಣಗಿಸದೆ ಒರೆಸಬಾರದು. ಕ್ಯಾಸೆಟ್ಟಿನ ಅಡಿಯಲ್ಲಿ ಐದು ಸ್ಕ್ರೂಗಳಿವೆ. ಬಿಚ್ಚಿ, ಮೇಲಿನ ಭಾಗವನ್ನು ನೇರ ಮೇಲಕ್ಕೆ ಎತ್ತಿ, ಟೇಪು ಹಾದುಹೋಗುವ ದಾರಿಯ ಫೋಟೋ ತೆಗೆದುಕೊಂಡ ಮೇಲೇ ಸುರುಳಿಗೆ ಕೈಹಾಕಿ. ಮುಚ್ಚಳದ ಪುಟ್ಟ ಸ್ಪ್ರಿಂಗ್ ಹಾರಿಹೋಗುತ್ತದೆ, ಬಟ್ಟೆ ಹಾಸಿದ ಮೇಜಿನ ಮೇಲೆ ಮಾಡಿ. ಎರಡೂ ಸುರುಳಿಗಳನ್ನು ಒಳ್ಳೆಯ ಸ್ಥಿತಿಯ ಬೇರೆ ಖಾಲಿ ಕ್ಯಾಸೆಟ್ಟಿಗೆ ಕೂರಿಸಿ. ನೂಲು ಬಿಡದ ಒಣ ಬಟ್ಟೆಯನ್ನು ಟೇಪಿನ ಎರಡೂ ಬದಿಗೆ ಹಗುರವಾಗಿ ಹಿಡಿದು, ಕೈಯಲ್ಲೇ ನಿಧಾನಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುತ್ತಿ. ಸುತ್ತು ಅಂಟಿಕೊಂಡು ಎಳೆತ ಬಂದರೆ ಅಲ್ಲೇ ನಿಲ್ಲಿಸಿ. ಮುಂದಿನದು ಟೇಪು ದುರಸ್ತಿ ಬಲ್ಲವರ ಕೆಲಸ. ಐಸೋಪ್ರೊಪೈಲ್ ಆಲ್ಕೋಹಾಲ್ ಹಳೆಯ ಚಿಪ್ಪಿಗೆ, ವಿಸಿಆರ್ ಭಾಗಗಳಿಗೆ ಮಾತ್ರ. ಟೇಪಿಗೆ ತಾಗಿಸಬೇಡಿ.

ವಿಸಿಆರ್ ಹೆಡ್ಡನ್ನು ಪ್ರತಿ ಕ್ಯಾಸೆಟ್ ಆದ ಮೇಲೂ ಶುಚಿ ಮಾಡಬೇಕು. ಚರ್ಮದ ತುದಿಯ ಕಡ್ಡಿಗೆ ಆಲ್ಕೋಹಾಲ್ ತಾಗಿಸಿ ಒತ್ತಿಹಿಡಿದು, ಹೆಡ್ ಕೂತಿರುವ ಡ್ರಮ್ಮನ್ನು (ಉರುಳೆಯನ್ನು) ಕೈಯಿಂದ ತಿರುಗಿಸಿ. ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಹತ್ತಿ ಕಡ್ಡಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಒಳ್ಳೆಯ ಕ್ಯಾಸೆಟ್ಟನ್ನೂ ನೇರ ಪ್ಲೇ ಮಾಡದೆ, ಒಮ್ಮೆ ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದೇ ಕಡೆ ಕೂತ ಟೇಪಿನ ಬಿಗಿ ಆಗ ಸಮನಾಗುತ್ತದೆ. ಎಲ್ಲಕ್ಕಿಂತ ಮೊದಲು ಯಾರದೋ ಮದುವೆಯ ಬೇಡವಾದ ಕ್ಯಾಸೆಟ್ ಹಾಕಿ ಯಂತ್ರ ಟೇಪು ನುಂಗುತ್ತದೋ ನೋಡಿ.

ಈಗ ಕಂಪ್ಯೂಟರಿಗೆ ಇಳಿಸುವ ಮಾತು. ಹಾಸನ, ಚಿಕ್ಕಮಗಳೂರಿನಲ್ಲಿ ತೊಂಬತ್ತರ ದಶಕದಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದ ಹಳೆಯ ಸ್ಟುಡಿಯೋಗಳಲ್ಲಿ ಕೆಲವರ ಬಳಿ ಓಡುವ ವಿಸಿಆರ್ ಇನ್ನೂ ಇರುತ್ತದೆ. ಅವರನ್ನೇ ಮೊದಲು ಕೇಳಿ. ಆದರೆ ಏನು ಬೇಕೆಂದು ನೀವೇ ಹೇಳಬೇಕು, ಇಲ್ಲದಿದ್ದರೆ ಡಿವಿಡಿಯೊಂದನ್ನು ಕೈಗಿಡುತ್ತಾರೆ. ಹೇಳಬೇಕಾದ್ದು ಇಷ್ಟು: ಪಾಲ್ ಪದ್ಧತಿ, 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ ಇದ್ದಂತೆಯೇ ಇರಲಿ, ಬಣ್ಣ ತಿದ್ದುವುದು ಬೇಡ, ಲೋಗೋ ಬೇಡ. ಮೂಲ ಪ್ರತಿ ಎಫ್‌ಎಫ್‌ವಿ1 ರೂಪದಲ್ಲಾದರೆ ಗಂಟೆಗೆ ಸುಮಾರು 30 ಜಿಬಿ, ಡಿವಿ ರೂಪದಲ್ಲಾದರೆ ಸುಮಾರು 13 ಜಿಬಿ. ವಾಟ್ಸಾಪಿಗೆ ಕಳಿಸಲು ಎಂಪಿ4 ಪ್ರತಿಯನ್ನು ಅದರಿಂದ ಮಾಡಿಕೊಳ್ಳಿ. ಎಂಪಿ4 ಒಂದನ್ನೇ ಇಟ್ಟುಕೊಂಡು ಟೇಪು ಎಸೆಯುವುದಂತೂ ಸಲ್ಲ. ವಿಸಿಆರ್‌ಗೆ ಸಿಕ್ಕಿಸುವ ಅಗ್ಗದ ಎಚ್‌ಡಿಎಂಐ ಡಬ್ಬಿಗಳನ್ನು ಬಳಸಬೇಡಿ. ನಮ್ಮ ಟಿ.ವಿ. ಸೆಕೆಂಡಿಗೆ 50 ಫೀಲ್ಡ್‌ನದು (ಎರಡು ಫೀಲ್ಡ್ ಸೇರಿ ಒಂದು ಫ್ರೇಮ್), ಆ ಡಬ್ಬಿಗಳಲ್ಲಿ ಬಹಳಷ್ಟು ಅದನ್ನು 60ಕ್ಕೆ ಎಳೆಯುತ್ತವೆ. ಓದುವವರ ತುಟಿ, ಕಣ್ಣು ತಡೆತಡೆದು ಚಲಿಸಿದಂತೆ ಕಾಣುವುದು ಅದಕ್ಕೇ. ಅಗ್ಗದ ಯುಎಸ್‌ಬಿ ಕಾರ್ಡುಗಳಲ್ಲಿ ಫ್ರೇಮ್ ಬಿದ್ದುಹೋಗಿ, ಅರ್ಧ ಗಂಟೆಯ ಹೊತ್ತಿಗೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ವಿಸಿಆರ್‌ಗೂ ಕಾರ್ಡಿಗೂ ನಡುವೆ ಚಿತ್ರದ ಅದುರಾಟ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇರುವ ಸ್ಟುಡಿಯೋ ಸಿಕ್ಕರೆ ನಾಲ್ಕು ಕಾಸು ಹೆಚ್ಚು ಕೊಟ್ಟಾದರೂ ಅಲ್ಲೇ ಮಾಡಿಸಿ.

ಆ ದೊಡ್ಡ ಕ್ಯಾಸೆಟ್‌ಗಳು ಯು-ಮ್ಯಾಟಿಕ್ ಇರಬೇಕು, ಮುಕ್ಕಾಲು ಇಂಚಿನ ಟೇಪು, ಸ್ಟುಡಿಯೋದವರು ಬಳಸುತ್ತಿದ್ದದ್ದು. ಮನೆಯ ವಿಸಿಆರ್‌ನಲ್ಲಿ ಓಡದು. ಇವುಗಳಿಗೆ ಬೂಷ್ಟಿನ ಜೊತೆ ಇನ್ನೊಂದು ಕಾಯಿಲೆಯಿದೆ: ಕಾಂತೀಯ ಪುಡಿಯನ್ನು ಹಿಡಿದಿಟ್ಟ ಅಂಟು ತೇವ ಹೀರಿ ಜಿಗುಟಾಗುತ್ತದೆ. ಓಡಿಸಿದರೆ ಕೀರಲು ಸದ್ದು ಬರುತ್ತದೆ, ಹೆಡ್ಡಿಗೆ ಕಂದು ಮಸಿ ಹತ್ತುತ್ತದೆ. ಸದ್ದು ಕೇಳಿದ ಕ್ಷಣವೇ ನಿಲ್ಲಿಸಬೇಕು, ಆ ಮಸಿಯೇ ಚಿತ್ರ. ಸುಮಾರು 54 ಡಿಗ್ರಿಯ ನಿಯಂತ್ರಿತ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಸ್ವಲ್ಪ ಕಾಲಕ್ಕೆ ಸರಿಪಡಿಸುವ ವಿಧಾನ ಪರಿಣತರಿಗೆ ಗೊತ್ತು. ಅಡುಗೆಮನೆಯ ಓವನ್ನಿನಲ್ಲಿ ಪ್ರಯೋಗ ಬೇಡ. ಎಲ್ಲ ಟೇಪಿಗೂ ಅದು ಒಗ್ಗುವುದಿಲ್ಲ, ವಿನೆಗರ್ ವಾಸನೆ ಬರುವ ಅಸಿಟೇಟ್ ಟೇಪಂತೂ ಅದರಿಂದಲೇ ಹಾಳಾಗುತ್ತದೆ.

ಆಡಿಯೋ ಕ್ಯಾಸೆಟ್ ಸುಲಭ. 24 ಬಿಟ್, 48 ಕಿಲೋಹರ್ಟ್ಸ್, ವೇವ್ ಫೈಲ್: ಗಂಟೆಗೆ ಸುಮಾರು 1 ಜಿಬಿ. ದನಿ ಗೋಣಿಚೀಲದೊಳಗಿಂದ ಬಂದಂತಿದ್ದರೆ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ‘ಸ’ ‘ಶ’ ಅಕ್ಷರಗಳು ಸ್ಪಷ್ಟವಾಗುವ ಕಡೆ ನಿಲ್ಲಿಸಿ. ಗದ್ದಲ ತೆಗೆಯುವ ತಂತ್ರಾಂಶವನ್ನು ಮೂಲ ಪ್ರತಿಗೆ ಹಚ್ಚಬೇಡಿ, ಉಸಿರೂ ಹೋಗುತ್ತದೆ. ಓದುವವರ ಉಸಿರು ತೆಗೆದರೆ ಅದು ಅವರ ದನಿಯಲ್ಲ.

ಕೊನೆಗೆ ಮೂರು ಪ್ರತಿ: ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗಳ ಅಥವಾ ಮಗನ ಮನೆಯಲ್ಲಿ ಇಲ್ಲವೇ ಕ್ಲೌಡಿನಲ್ಲಿ. ಕ್ಯಾಸೆಟ್ಟಿನ ಮೇಲಿನ ಕೈಬರಹದ ಚೀಟಿಯ ಫೋಟೋ ಅದೇ ಫೋಲ್ಡರಿನಲ್ಲಿರಲಿ. ಎಷ್ಟೋ ಸಲ ದಿನಾಂಕ ಸಿಗುವುದು ಆ ಚೀಟಿಯಲ್ಲೇ.

ಪ್ರಶ್ನೆ: ನಮ್ಮ ದೊಡ್ಡಪ್ಪ 1974ರಲ್ಲಿ ಟಿ.ವಿ.ಯಲ್ಲಿ ಕನ್ನಡ ವಾರ್ತೆ ಓದುತ್ತಿದ್ದರು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನೆನಪಿನ ಸಂಚಿಕೆಯಲ್ಲಿ ಹಾಗೆಯೇ ಅಚ್ಚು ಹಾಕಬಹುದೇ? — ಹಾಸನ

ಇಸವಿ ಹೊಂದುವುದಿಲ್ಲ. ದೆಹಲಿಯಲ್ಲಿ ಟಿ.ವಿ. ಪ್ರಯೋಗ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ಮುಂಬಯಿಗೆ ಬಂದದ್ದು 1972ರಲ್ಲಿ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದ ಸೈಟ್ ಪ್ರಯೋಗ 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆಯಿತು. ಆಗ ಕನ್ನಡ ಕಾರ್ಯಕ್ರಮ ಕಂಡದ್ದು ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಳ್ಳಿಗಳು, ಹಾಸನವಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ನಿಮ್ಮ ಊರಿನ ಪಾಲೂ ಇದರಲ್ಲಿ ದೊಡ್ಡದು: ದೇಶದ ಮೂಲೆಮೂಲೆಗೆ ದೂರದರ್ಶನವನ್ನು ಹೊತ್ತ ಇನ್ಸಾಟ್ ಉಪಗ್ರಹಗಳನ್ನು 1982ರಿಂದ ನಿಯಂತ್ರಿಸುತ್ತಿರುವುದು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು, 1983ರ ಇನ್ಸಾಟ್-1ಬಿ ನಿಂತಿತು. ಸಣ್ಣ ಪಟ್ಟಣಗಳಿಗೆ ಟಿ.ವಿ. ವೇಗವಾಗಿ ಹರಡಿದ್ದು ಆಮೇಲೆ.

ಹಾಗೆಂದು ಮನೆಯವರ ನೆನಪು ಸುಳ್ಳೆನ್ನಬೇಕಿಲ್ಲ. 1974ರಲ್ಲಿ ಓದಿದ್ದು ಆಕಾಶವಾಣಿಯಲ್ಲಿರಬಹುದು, ಟಿ.ವಿ.ಗೆ ಬಂದದ್ದು ಎಂಬತ್ತರ ದಶಕದಲ್ಲಿರಬಹುದು. ಎರಡೂ ಒಂದಾಗಿ ಬೆಸೆದುಕೊಂಡಿರುವ ಸಾಧ್ಯತೆ ಹೆಚ್ಚು. ತೀರ್ಮಾನಿಸಲು ಕಾಗದ ಹುಡುಕಿ. ಹೊರಗಿನಿಂದ ಕರೆಸಿಕೊಂಡ ಕಲಾವಿದರಿಗೆ, ಕ್ಯಾಷುಯಲ್ ಉದ್ಘೋಷಕರಿಗೆ ಆಕಾಶವಾಣಿ, ದೂರದರ್ಶನಗಳು ಪ್ರತಿ ಸಲವೂ ಒಪ್ಪಂದ ಪತ್ರ ಕಳಿಸುತ್ತಿದ್ದವು. ಕೇಂದ್ರದ ಹೆಸರು, ಪ್ರಸಾರದ ದಿನ, ಸಮಯ, ಅವಧಿ, ಸಂಭಾವನೆ ಎಲ್ಲ ಅದರಲ್ಲಿರುತ್ತದೆ. ಹಳೇ ಬ್ಯಾಂಕ್ ಪಾಸ್‌ಬುಕ್ಕಿನ ಜಮೆಗಳೂ ಸಾಕ್ಷಿಯೇ. ಅಂದಿನ ದಿನಪತ್ರಿಕೆಗಳ ‘ಇಂದಿನ ಕಾರ್ಯಕ್ರಮ’ ಅಂಕಣವನ್ನು ಗ್ರಂಥಾಲಯದಲ್ಲಿ ನೋಡಿ. ದಿನಾಂಕ ಗೊತ್ತಾದರೆ ಇವೆರಡನ್ನೂ ನಡೆಸುವ ಪ್ರಸಾರ ಭಾರತಿಯ ಸಂಗ್ರಹಕ್ಕೆ ಬರೆಯಿರಿ. ‘ನಮ್ಮ ದೊಡ್ಡಪ್ಪನ ಎಲ್ಲ ಕಾರ್ಯಕ್ರಮ’ ಎಂದು ಕೇಳಿದರೆ ಹುಡುಕುವುದು ಅವರಿಗೂ ಕಷ್ಟ. ಕಾರ್ಯಕ್ರಮದ ಹೆಸರು, ದಿನ, ಕೇಂದ್ರ ಮೂರೂ ಬೇಕು. ಸಿಗದಿದ್ದರೆ ಬೇಸರಪಡಬೇಡಿ. ವಾರ್ತೆ ನೇರ ಪ್ರಸಾರವಾಗುತ್ತಿತ್ತು, ದುಬಾರಿ ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಆದ್ದರಿಂದಲೇ ಮನೆಯಲ್ಲಿ ಯಾರೋ ಹಿಡಿದಿಟ್ಟ ವಿಎಚ್‌ಎಸ್ ಕೆಲವೊಮ್ಮೆ ಉಳಿದಿರುವ ಒಂದೇ ಪ್ರತಿ.

ಪ್ರಶ್ನೆ: ತಾತನ ಸೇನಾ ದಾಖಲೆ ನಮ್ಮಲ್ಲಿ ಏನೂ ಇಲ್ಲ. ಪಡೆಯುವುದು ಹೇಗೆ? — ಅರಸೀಕೆರೆ

ದಾಖಲೆ ದೆಹಲಿಯಲ್ಲಿ ಒಂದೇ ಕಡೆ ಇರುತ್ತದೆ ಎಂದುಕೊಳ್ಳುವವರೇ ಹೆಚ್ಚು. ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನವರ ದಾಖಲೆ ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯಲ್ಲಿ: ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಸಿಗ್ನಲ್ಸ್ ಆದರೆ ಜಬಲ್ಪುರ, ಆರ್ಟಿಲರಿ ಆದರೆ ನಾಸಿಕ್ ರೋಡ್ ಕ್ಯಾಂಪ್. ಅಧಿಕಾರಿಗಳದು, ವಾಯುಪಡೆಯವರದು ದೆಹಲಿಯಲ್ಲಿ, ನೌಕಾಪಡೆಯ ನಾವಿಕರದು ಮುಂಬಯಿಯಲ್ಲಿ. ರೆಜಿಮೆಂಟ್ ಗೊತ್ತಿಲ್ಲದಿದ್ದರೆ ಹಳೆಯ ಫೋಟೋದಲ್ಲಿ ಟೋಪಿಯ ಬಿಲ್ಲೆ, ಭುಜದ ಹಿತ್ತಾಳೆ ಅಕ್ಷರ ನೋಡಿ. ಪದಕವಿದ್ದರೆ ಅದರ ಅಂಚನ್ನು ಲೆನ್ಸಿನಲ್ಲಿ ನೋಡಿ, ನಂಬರು, ಹೆಸರು, ದಳದ ಸಂಕ್ಷೇಪ ಕೆತ್ತಿರುತ್ತದೆ. ನಂಬರು ಜೆಸಿ ಎಂದು ಶುರುವಾದರೆ ಸುಬೇದಾರ್ ದರ್ಜೆ, ಐಸಿ ಎಂದಿದ್ದರೆ ಅಧಿಕಾರಿ.

ಅರ್ಜಿಗೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ನಿಮ್ಮ ಆಧಾರ್ ಪ್ರತಿ ಲಗತ್ತಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಸೇರಿದ ದಿನ, ತರಬೇತಿ, ಸೇವೆ ಮಾಡಿದ ಘಟಕಗಳು, ಪದಕಗಳು, ಬಿಡುಗಡೆಯ ಕಾರಣ ಎಂದು ಬಿಡಿಬಿಡಿಯಾಗಿ ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿಯ ಪೋಸ್ಟಲ್ ಆರ್ಡರ್. ಅದಕ್ಕೂ ವಾರಸುದಾರರೆಂಬ ದಾಖಲೆ ಜೊತೆಗಿಡಿ, ಇಲ್ಲದಿದ್ದರೆ ಬೇರೆಯವರ ಖಾಸಗಿ ಮಾಹಿತಿಯೆಂದು ತಿರಸ್ಕರಿಸುತ್ತಾರೆ.

ಎರಡು ತೊಡಕುಗಳಿವೆ. ಒಂದು, ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಕಡತವನ್ನು 25 ವರ್ಷದ ನಂತರ ನಾಶಮಾಡುವ ನಿಯಮವಿದೆ. ಆಗಲೂ ‘ಲಾಂಗ್ ರೋಲ್’ ಎಂಬ ವಹಿಯಲ್ಲಿ ಒಂದು ಸಾಲು ಉಳಿದಿರುತ್ತದೆ, ಅದರ ಪ್ರತಿಯನ್ನೇ ಕೇಳಿ. ಇನ್ನೊಂದು ಹೆಸರಿನ ಸಮಸ್ಯೆ. ನಮ್ಮ ಕಡೆಯ ಇನಿಷಿಯಲ್ಲು ಅಲ್ಲಿ ಪೂರ್ತಿ ಹೆಸರಾಗಿರುತ್ತದೆ, ಊರ ಹೆಸರೇ ಮೊದಲ ಹೆಸರಾಗಿರುತ್ತದೆ, ಗೌಡ ಎಂಬುದರ ಇಂಗ್ಲಿಷ್ ಕಾಗುಣಿತ ಮೂರು ಬಗೆಯಲ್ಲಿರುತ್ತದೆ. ಸಾಧ್ಯವಿರುವ ಎಲ್ಲ ರೂಪಗಳನ್ನೂ ಅರ್ಜಿಯಲ್ಲೇ ಬರೆಯಿರಿ. ನಮೂನೆ ತುಂಬಲು ಹಾಸನದ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಮಾವನವರಿಗೆ ಸಂಗ್ರಾಮ ಪದಕ ಬಂದಿತ್ತು. ಸಮಾಧಿಯ ಕಲ್ಲಿನಲ್ಲಿ ‘1971ರ ರಣರಂಗದ ವೀರಯೋಧ, ಹುತಾತ್ಮ, ನಿವೃತ್ತ ಕ್ಯಾಪ್ಟನ್’ ಎಂದು ಕೆತ್ತಿಸಬಹುದೇ? — ಬೇಲೂರು

ಸಂಗ್ರಾಮ ಪದಕ 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರ ನಡುವೆ ಸೇವೆಯಲ್ಲಿದ್ದ ಬಹಳಷ್ಟು ಜನರಿಗೆ ಸಂದದ್ದು, ನೇರ ಕಾದಾಟದಲ್ಲಿ ಇಲ್ಲದವರಿಗೂ. ರಣರಂಗದಲ್ಲಿದ್ದುದಕ್ಕೆ ಗುರುತು ಪೂರ್ವೀ ಸ್ಟಾರ್ ಅಥವಾ ಪಶ್ಚಿಮೀ ಸ್ಟಾರ್. ಅವು ನಕ್ಷತ್ರದಾಕಾರದಲ್ಲಿವೆ, ಸಂಗ್ರಾಮ ಪದಕ ದುಂಡು. 1965ಕ್ಕೂ ಹೀಗೆಯೇ: ಸಮರ ಸೇವಾ ಸ್ಟಾರ್ ಬೇರೆ, ರಕ್ಷಾ ಪದಕ ಬೇರೆ. 1972ರ ಸ್ವಾತಂತ್ರ್ಯ ರಜತೋತ್ಸವದ ಪದಕಕ್ಕೂ ಯುದ್ಧಕ್ಕೂ ಸಂಬಂಧವೇ ಇಲ್ಲ. ಸ್ಟಾರ್ ಇಲ್ಲದಿದ್ದರೆ ‘1971ರ ಯುದ್ಧಕಾಲದಲ್ಲಿ ಭಾರತೀಯ ಸೇನೆಯಲ್ಲಿ ಸೇವೆ’ ಎಂದು ಕೆತ್ತಿಸಿ. ಅದರಲ್ಲಿ ಕಡಿಮೆಯೇನೂ ಇಲ್ಲ. ಮದ್ದುಗುಂಡು, ಅನ್ನ, ತಂತಿ ಸಂಪರ್ಕ ತಲುಪಿಸಿದವರಿಲ್ಲದೆ ಯಾವ ಗಡಿಯೂ ನಿಲ್ಲಲಿಲ್ಲ.

‘ಹುತಾತ್ಮ’ ಎಂಬುದನ್ನು ಕರ್ತವ್ಯದಲ್ಲಿ ಪ್ರಾಣ ಕೊಟ್ಟವರಿಗೆ ಬಿಡಿ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿರುವುದೂ ಅಂಥವರ ಹೆಸರುಗಳೇ. ಹುದ್ದೆ ಬರೆಯುವ ಕ್ರಮ ‘ಕ್ಯಾಪ್ಟನ್ ಇಂಥವರು (ನಿವೃತ್ತ)’. ನಿವೃತ್ತರಾಗುವುದು ವ್ಯಕ್ತಿ, ಹುದ್ದೆಯಲ್ಲ ಎಂಬುದು ಸೇನೆಯ ರೀತಿ. ನಿವೃತ್ತಿಯ ಹೊತ್ತಿಗೆ ಗೌರವ ಕ್ಯಾಪ್ಟನ್ ಆದವರಾಗಿದ್ದರೆ ‘ಗೌರವ’ ಎಂಬುದೂ ಇರಲಿ.

ಪದಕಗಳನ್ನು ಬ್ರಾಸೋದಂಥ ಪಾಲಿಶ್ ಹಾಕಿ ಉಜ್ಜಬೇಡಿ, ಅಂಚಿನ ಹೆಸರೇ ಸವೆದುಹೋಗುತ್ತದೆ. ಚೌಕಟ್ಟಿನಲ್ಲಿ ಅಂಟು ಹಾಕದೆ, ರಿಬ್ಬನ್ನನ್ನು ಹತ್ತಿ ಬಟ್ಟೆಗೆ ಹೊಲಿಯಿರಿ. ಎಲ್ಲಕ್ಕಿಂತ ಹಿರಿಯ ಪದಕ ನೋಡುವವರ ಎಡಗಡೆ ಬರಬೇಕು. ಹಿಂದೆ ಉಣ್ಣೆ ಬಟ್ಟೆ, ಹೊಸ ಪ್ಲೈವುಡ್ ಬೇಡ, ಅವುಗಳಿಂದ ಹೊರಡುವ ಆವಿಗೆ ಲೋಹ ಕಪ್ಪಾಗುತ್ತದೆ.

ಪ್ರಶ್ನೆ: ಸೇನೆಯಿಂದ ಬಿಡುಗಡೆಯಾಗುವಾಗ ಅಪ್ಪನಿಗೆ ಕೊಟ್ಟ ಡಿಸ್ಚಾರ್ಜ್ ಬುಕ್ ಹಾಳೆಗಳು ಹರಿಯುತ್ತಿವೆ, ಲ್ಯಾಮಿನೇಟ್ ಮಾಡಿಸಲೇ? — ತರೀಕೆರೆ

ಬೇಡವೇ ಬೇಡ. ಬಿಸಿ ಪ್ಲಾಸ್ಟಿಕ್ ಕಾಗದದೊಳಗೆ ಇಳಿದರೆ ಬಿಡಿಸಲಾಗದು. ಸೆಲ್ಲೋಟೇಪೂ ಬೇಡ, ಕಂದು ಕಲೆ ಬಿಡುತ್ತದೆ. ಪಾಲಿಯೆಸ್ಟರ್ ಕವರಿನಲ್ಲಿಟ್ಟು, 600 ಡಿಪಿಐನಲ್ಲಿ ಟಿಫ್ ಆಗಿ ಸ್ಕ್ಯಾನ್ ಮಾಡಿ, ಖಾಲಿ ಪುಟವನ್ನೂ ಬಿಡದೆ. ಗಾಜಿಗೆ ಅಂಟಿದ ಫೋಟೋ ಇದ್ದರೆ ಕೀಳದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ. ನಿಮ್ಮ ಅಮ್ಮನವರ ಕುಟುಂಬ ಪಿಂಚಣಿ ಇತ್ಯರ್ಥವಾಗುವವರೆಗೆ ಈ ಪುಸ್ತಕವನ್ನೂ ಪಿಂಚಣಿ ಪಾವತಿ ಆದೇಶವನ್ನೂ (ಪಿಪಿಒ) ಯಾವ ಪ್ರದರ್ಶನಕ್ಕೂ ಕೊಡಬೇಡಿ.

ಪ್ರಶ್ನೆ: ದೂರದರ್ಶನದಿಂದ ಹಿಡಿದಿಟ್ಟ ಅಣ್ಣನ ಕಾರ್ಯಕ್ರಮವನ್ನು ಯೂಟ್ಯೂಬಿಗೆ ಹಾಕಬಹುದೇ? — ಚಿಕ್ಕಮಗಳೂರು

ಮನೆಯಲ್ಲಿ ನೋಡಲು ಅಡ್ಡಿಯಿಲ್ಲ. ಸಾರ್ವಜನಿಕವಾಗಿ ಹಾಕಲು ಪ್ರಸಾರ ಮಾಡಿದವರ ಅನುಮತಿ ಪಡೆಯಿರಿ. ಪ್ರಸಾರಕರ ಹಕ್ಕು ಪ್ರಸಾರದ ಮುಂದಿನ ವರ್ಷದಿಂದ 25 ವರ್ಷ ಇರುತ್ತದೆ. ಅದು ಮುಗಿದರೂ ಒಳಗಿನ ಹಾಡು, ಬರಹಗಳ ಹಕ್ಕು ಬೇರೆಯವರಲ್ಲಿ ಉಳಿದಿರಬಹುದು. ನಿಮ್ಮ ಅಣ್ಣ ನೌಕರಿಯಲ್ಲಿದ್ದಾಗ ಬರೆದ ಸ್ಕ್ರಿಪ್ಟಿನ ಹಕ್ಕೂ ಸಾಮಾನ್ಯವಾಗಿ ಸಂಸ್ಥೆಯದೇ.

ಪ್ರಶ್ನೆ: ಮನೆಯಲ್ಲಿ ತೀರಿಕೊಂಡ ಮಾಜಿ ಸೈನಿಕರ ದೇಹದ ಮೇಲೆ ರಾಷ್ಟ್ರಧ್ವಜ ಹೊದಿಸಬಹುದೇ? — ಕೊಪ್ಪ

ಸರ್ಕಾರಿ ಗೌರವದ ಅಥವಾ ಸೇನಾ, ಅರೆಸೇನಾ ಅಂತ್ಯಕ್ರಿಯೆಯಲ್ಲಿ ಮಾತ್ರ ಎನ್ನುತ್ತದೆ ಧ್ವಜ ಸಂಹಿತೆ. ಅಲ್ಲಿಯೂ ಕೇಸರಿ ತಲೆಯ ಕಡೆಗೆ, ಧ್ವಜವನ್ನು ಚಿತೆಗಾಗಲೀ ಗುಂಡಿಗಾಗಲೀ ಇಳಿಸುವಂತಿಲ್ಲ. ಮನೆಮಂದಿ ತಾವೇ ಹೊದಿಸದೆ, ಊರಿನ ಮಾಜಿ ಸೈನಿಕರ ಸಂಘಕ್ಕೆ ತಿಳಿಸಿ. ಅವರು ಬಂದು ಪುಷ್ಪಚಕ್ರವಿಟ್ಟು ಸೆಲ್ಯೂಟ್ ಕೊಡುವುದು ಬೇಕಾದಷ್ಟು ಗೌರವ.

ಪ್ರಶ್ನೆ: ಅಪ್ಪನ ಜೊತೆ ಸೇನೆಯಲ್ಲೂ ಸ್ಟುಡಿಯೋದಲ್ಲೂ ಇದ್ದ ಇಬ್ಬರು ಹಿರಿಯರಿದ್ದಾರೆ. ಅವರಿಂದ ಏನು ಕೇಳಿ ಬರೆದುಕೊಳ್ಳಲಿ? — ಸಕಲೇಶಪುರ

ಬರೆದುಕೊಳ್ಳುವುದಕ್ಕಿಂತ ಮೊದಲು ರೆಕಾರ್ಡ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ ಮೇಲೆ ಒಂದು ಮೊಳ ದೂರದಲ್ಲಿಡಿ. ಫ್ಯಾನ್ ನಿಲ್ಲಿಸಿ. ಒಂದು ನಿಮಿಷ ಪರೀಕ್ಷಿಸಿ ಕೇಳಿದ ಮೇಲೆ, ದಿನಾಂಕ, ಊರು, ಹಿರಿಯರ ಹೆಸರು ಹೇಳಿ ಶುರು ಮಾಡಿ. ‘ಯುದ್ಧ ಹೇಗಿತ್ತು?’ ಎಂದರೆ ಎಲ್ಲರೂ ಭಾಷಣವನ್ನೇ ಹೇಳುತ್ತಾರೆ. ‘ಯಾವ ಸ್ಟೇಷನ್ನಿನಲ್ಲಿ ರೈಲು ಇಳಿದಿರಿ? ರಾತ್ರಿ ಎಲ್ಲಿ ಮಲಗುತ್ತಿದ್ದಿರಿ? ಊರಿನ ಕಾಗದ ಎಷ್ಟು ದಿನಕ್ಕೆ ಬರುತ್ತಿತ್ತು?’ ಎಂದು ಕೇಳಿ. ಸ್ಟುಡಿಯೋ ಬಗ್ಗೆಯೂ ಹಾಗೆಯೇ: ಎಷ್ಟು ಗಂಟೆಗೆ ಬರುತ್ತಿದ್ದರು, ಸ್ಕ್ರಿಪ್ಟ್ ಕೈಬರಹದ್ದೋ ಟೈಪ್ ಮಾಡಿದ್ದೋ, ಓದುವಾಗ ಹಾಳೆ ತಿರುಗಿಸುವ ಸದ್ದು ಬಾರದಂತೆ ಏನು ಮಾಡುತ್ತಿದ್ದರು, ತಪ್ಪು ಓದಿದರೆ ಹೇಗೆ ತಿದ್ದಿಕೊಳ್ಳುತ್ತಿದ್ದರು. ಹಳೆಯ ಗುಂಪು ಫೋಟೋ ಕೈಯಲ್ಲಿಟ್ಟು ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು ಹೇಳಿಸಿ. ಮರೆತದ್ದೆಲ್ಲ ಅಲ್ಲಿ ಮರಳಿ ಬರುತ್ತದೆ. ನಡುವೆ ಮೌನ ಬಂದರೆ ನೀವು ತುಂಬಬೇಡಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು, ಎಂಬತ್ತು ದಾಟಿದವರಿಗೆ ಅದಕ್ಕಿಂತ ಹೆಚ್ಚು ಆಯಾಸ. ಫೈಲನ್ನು ಅಂದೇ ಫೋನಿನಿಂದ ಎರಡು ಕಡೆಗೆ ನಕಲಿಸಿ, ಅವರು ಹೇಳಿದ ಇಸವಿಗಳನ್ನು ದಾಖಲೆಯ ಜೊತೆ ತಾಳೆ ನೋಡಿ. ಹೊಂದದಿದ್ದರೆ ಮುಂದಿನ ಭೇಟಿಯಲ್ಲಿ ಮತ್ತೆ ಕೇಳಿ.